ಪ್ರಬಂಧ ಶೋಧಗಂಗಾಕ್ಕೆ ಹೋದರೆ ಜರ್ನಲ್‌ಗೆ ತೊಂದರೆಯೇ?

ನಮಸ್ಕಾರ ಮೇಡಂ. ಪಾವಗಡದ ಫ್ಲೋರೈಡ್ ನೀರಿನ ಮೇಲಿನ ನಿಮ್ಮ ಪಿಎಚ್‌.ಡಿ. ಪ್ರಬಂಧ ಶೋಧಗಂಗಾದಲ್ಲಿ (ಭಾರತದ ಪಿಎಚ್‌.ಡಿ. ಪ್ರಬಂಧಗಳನ್ನು ಎಲ್ಲರಿಗೂ ತೆರೆದಿಡುವ ಆನ್‌ಲೈನ್ ಭಂಡಾರ) ಬಂದರೆ ಜರ್ನಲ್‌ಗಳು ಅದರ ಅಧ್ಯಾಯಗಳನ್ನು ತಿರಸ್ಕರಿಸುತ್ತವೆಯೇ ಎಂದು ಕೇಳಿದ್ದೀರಿ. ಸಾಮಾನ್ಯವಾಗಿ ಇಲ್ಲ. ಪ್ರಬಂಧದಿಂದ ತೆಗೆದು ಬರೆದ ಲೇಖನವನ್ನು ಬಹುತೇಕ ಜರ್ನಲ್‌ಗಳು ಒಪ್ಪುತ್ತವೆ. ಆದರೆ ಕಳಿಸುವಾಗಲೇ ಸಂಪಾದಕರಿಗೆ ತಿಳಿಸಿಬಿಡಿ, ಇಲ್ಲವಾದರೆ ಕೃತಿಚೌರ್ಯ ತಪಾಸಣೆಯಲ್ಲಿ ನಿಮ್ಮದೇ ಪ್ರಬಂಧ ಸಿಕ್ಕಿ ಗೊಂದಲವಾಗುತ್ತದೆ. ಹೇಗಿದ್ದರೂ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2016ರ ನಿಯಮದಲ್ಲಿದ್ದಂತೆ, ಅದರ ಜಾಗಕ್ಕೆ ಬಂದ 2022ರ ನಿಯಮದಲ್ಲೂ, ಪದವಿ ಘೋಷಣೆಗೆ ಮುನ್ನ ವಿಶ್ವವಿದ್ಯಾಲಯ ಡಿಜಿಟಲ್ ಪ್ರತಿಯನ್ನು ಶೋಧಗಂಗಾವನ್ನು ನಡೆಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್‌ ಕೇಂದ್ರಕ್ಕೆ ಕೊಡಬೇಕು.

ನಿಜವಾದ ಎಚ್ಚರ ಬೇಕಿರುವುದು ಈಗಾಗಲೇ ಅಚ್ಚಾದ ಲೇಖನಗಳ ವಿಷಯದಲ್ಲಿ. ಹಕ್ಕುಸ್ವಾಮ್ಯ ಪ್ರಕಾಶಕರಿಗೆ ಬರೆದುಕೊಟ್ಟಿದ್ದರೆ ಅವರು ವಿನ್ಯಾಸ ಮಾಡಿದ ಪಿಡಿಎಫ್ ಅನ್ನು ಅನುಮತಿಯಿಲ್ಲದೆ ಯಾವುದೇ ಮುಕ್ತ ಆನ್‌ಲೈನ್ ಭಂಡಾರಕ್ಕೆ ಹಾಕಬೇಡಿ. ವಿಮರ್ಶಕರು ಹೇಳಿದ ತಿದ್ದುಪಡಿಯೆಲ್ಲ ಮುಗಿದು ಸ್ವೀಕೃತವಾದ ನಿಮ್ಮ ವರ್ಡ್ ಕಡತ ಇರುತ್ತದಲ್ಲ, ಅದನ್ನು ಹಾಕಲು ಅನೇಕ ಪ್ರಕಾಶಕರು ಬಿಡುತ್ತಾರೆ, ಕೆಲವರು ಕೆಲವು ತಿಂಗಳು ಕಾಯಲು ಹೇಳುತ್ತಾರೆ. ಸಂಶೋಧನೆಗೆ ಹಣ ಕೊಡುವ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಮತ್ತು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗಳ (ಡಿಎಸ್‌ಟಿ) 2014ರ ಮುಕ್ತ ಪ್ರವೇಶ ನೀತಿ, ಅಂದರೆ ಲೇಖನ ಎಲ್ಲರಿಗೂ ಉಚಿತವಾಗಿ ಸಿಗಬೇಕೆನ್ನುವ ನೀತಿ, ಕೇಳುವುದೂ ಆ ಪ್ರತಿಯನ್ನೇ. ದಯವಿಟ್ಟು ಅದನ್ನು ಅಳಿಸಬೇಡಿ. ಪ್ರಬಂಧದಲ್ಲಿರುವ ನೀರಿನ ಫಿಲ್ಟರ್ ವಿಧಾನಕ್ಕೆ ಪೇಟೆಂಟ್ ಯೋಚನೆಯಿದ್ದರೆ ಮಾತ್ರ ಮೊದಲು ಅರ್ಜಿ ಹಾಕಿ, ಆಮೇಲೆ ಪ್ರಬಂಧ ತೆರೆಯಲಿ.

ಆ ನೀರು ಕುಡಿಯುವ ಊರಿನ ಶಾಲಾ ಮೇಷ್ಟರಿಗೂ ನಿಮ್ಮ ಅಂಕಿಅಂಶ ದುಡ್ಡಿಲ್ಲದೆ ಸಿಗಬೇಕು. ನಿಮ್ಮ ಲೈಬ್ರರಿಯನ್‌ ಅವರನ್ನು ಈ ವಾರವೇ ಕಾಣಿ.