ಗೆಲುವುಗಳ ಪಟ್ಟಿ ಸಾಲದು, ನಕ್ಷೆಯನ್ನೂ ಬಿಡಿಸಿ ತೋರಿಸಿ

ನಮಸ್ಕಾರ.

ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ರಾಜಕಾರಣಿ ಗ್ಲೋರಿಯಾ ಮೊಲಿನಾ ಅವರ ಚುನಾವಣಾ ಬದುಕಿನ ಬಗ್ಗೆ ನೀವು ಬರೆದ ಲೇಖನವನ್ನು ಓದಿದೆ. ಈಗಿರುವಂತೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇಂಥ ವಸ್ತುವನ್ನು ಕನ್ನಡಕ್ಕೆ ತರಬೇಕೆಂದು ನಿಮಗೆ ಅನಿಸಿದ್ದು ನನಗೆ ಸಂತೋಷ ತಂದಿದೆ. ಆ ಕಾರಣಕ್ಕೇ ಒಂದು ಸಾಲಿನ ವಿಷಾದಪತ್ರದ ಬದಲು ಇಷ್ಟು ಬರೆಯುತ್ತಿದ್ದೇನೆ.

ನಿಮ್ಮ ಲೇಖನದ ಬೆನ್ನೆಲುಬು ಮೂರು ಇಸವಿಗಳು: 1982ರಲ್ಲಿ ಕ್ಯಾಲಿಫೋರ್ನಿಯಾ ಶಾಸನಸಭೆ, 1987ರಲ್ಲಿ ಲಾಸ್ ಏಂಜಲೀಸ್ ನಗರಸಭೆ, 1991ರಲ್ಲಿ ಕೌಂಟಿಯ ಆಡಳಿತ ಮಂಡಳಿ. ಮೂರೂ ಕಡೆ ಅವರು ಮೊದಲ ಲ್ಯಾಟಿನಾ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಮಹಿಳೆ. ಇಸವಿಗಳೆಲ್ಲ ಸರಿಯಾಗಿವೆ. ತೊಂದರೆ ಇರುವುದು ನೀವು ಕೊಟ್ಟ ಕಾರಣದಲ್ಲಿ. ಮೂರು ಗೆಲುವುಗಳಿಗೂ ‘ಅದಮ್ಯ ಛಲ’ ಎಂಬ ಒಂದೇ ಉತ್ತರ ಬರೆದು ಮುಂದೆ ಹೋಗಿದ್ದೀರಿ. ಛಲ ಉಳ್ಳವರು ಆ ಸಮುದಾಯದಲ್ಲಿ ಅದಕ್ಕೆ ಮೊದಲು ಹುಟ್ಟಿರಲಿಲ್ಲವೇ? 1875ರ ನಂತರ 1991ರವರೆಗೆ ಲ್ಯಾಟಿನೋ ಸಮುದಾಯದ ಒಬ್ಬರೂ ಆ ಮಂಡಳಿಗೆ ಆಯ್ಕೆಯಾಗಿರಲಿಲ್ಲ. ನೂರಕ್ಕೂ ಹೆಚ್ಚು ವರ್ಷ ಮುಚ್ಚಿದ್ದ ಬಾಗಿಲು ತೆರೆದದ್ದು ಹೇಗೆ ಎಂಬುದೇ ನಿಮ್ಮ ಕಥೆ. ಅದನ್ನು ನೀವು ಬರೆದೇ ಇಲ್ಲ.

ಆ ಬಾಗಿಲು ತೆರೆದದ್ದು ನ್ಯಾಯಾಲಯದಲ್ಲಿ. ಮಂಡಳಿಯ ಐವರು ಸದಸ್ಯರು ತಮ್ಮ ಕ್ಷೇತ್ರಗಳ ಗಡಿಯನ್ನು ತಾವೇ ಗೀಚಿಕೊಳ್ಳುತ್ತಿದ್ದರು. 1981ರಲ್ಲಿ ಗೀಚಿದ ಗಡಿಗಳು ಲ್ಯಾಟಿನೋ ಬಡಾವಣೆಗಳನ್ನು ಒಡೆದು ಬೇರೆ ಬೇರೆ ಕ್ಷೇತ್ರಗಳಿಗೆ ಹಂಚಿದವು. ಇದನ್ನು ಪ್ರಶ್ನಿಸಿ 1988ರಲ್ಲಿ ‘ಗಾರ್ಜಾ’ ಹೆಸರಿನ ಮೊಕದ್ದಮೆ ಹೂಡಲಾಯಿತು. ಅಮೆರಿಕದ ಕೇಂದ್ರ ನ್ಯಾಯ ಇಲಾಖೆಯೂ ಮಂಡಳಿಯ ವಿರುದ್ಧ ನಿಂತಿತು. 1990ರ ಜೂನ್‌ನಲ್ಲಿ ನ್ಯಾಯಾಧೀಶ ಡೇವಿಡ್ ಕೆನ್ಯನ್ ಕೊಟ್ಟ ತೀರ್ಪನ್ನು ದಯವಿಟ್ಟು ಓದಿ. ಹಾಲಿ ಸದಸ್ಯರ ಮುಖ್ಯ ಉದ್ದೇಶ ತಮ್ಮ ಕುರ್ಚಿ ಉಳಿಸಿಕೊಳ್ಳುವುದಾಗಿತ್ತು, ಆದರೆ ಅದಕ್ಕಾಗಿ ಗೊತ್ತಿದ್ದೇ ಒಂದು ಸಮುದಾಯದ ಮತಬಲವನ್ನು ಒಡೆದರು, ಅದೂ ತಾರತಮ್ಯವೇ ಎಂಬುದು ಅದರ ಸಾರ. ಕುರ್ಚಿಯ ಆಸೆ ಸಾಕು, ದ್ವೇಷವೇ ಇರಬೇಕಾಗಿಲ್ಲ. ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಕಲಕುವ ಮಾತು ಇದೇ. ಅದೇ ವರ್ಷ ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ಎತ್ತಿಹಿಡಿಯಿತು, ಮೊಲಿನಾ 1991ರಲ್ಲಿ ಗೆದ್ದ ಹೊಸ ಒಂದನೇ ಕ್ಷೇತ್ರ ಹುಟ್ಟಿತು. 1987ರ ನಗರಸಭೆಯ ಕ್ಷೇತ್ರ ಕೂಡ ಇಂಥದೇ ಇನ್ನೊಂದು ಮೊಕದ್ದಮೆಯ ಫಲ. ಹಾಗಾದರೆ ಮೂರರಲ್ಲಿ ಎರಡು ಗೆಲುವುಗಳ ಹಿಂದೆ ನಕ್ಷೆ ಇದೆ. 2021ರಲ್ಲಿ ಅವಧಿ ಮುಗಿದ ಮೇಲೆ ಜಿಲ್ಲಾ ಪಂಚಾಯತ್ ಚುನಾವಣೆಗಳು ಕ್ಷೇತ್ರ ಮರುವಿಂಗಡಣೆಯ ತಕರಾರಿನಲ್ಲಿ ವರ್ಷಗಟ್ಟಲೆ ನಿಂತದ್ದನ್ನು ಕಂಡ ನಮ್ಮ ಓದುಗರಿಗೆ ಇದು ಬೇಗ ಅರ್ಥವಾಗುತ್ತದೆ.

ಇಲ್ಲಿ ನೀವು ಬಿಟ್ಟಿರುವ ಒಂದು ಹೆಸರಿದೆ: ಸಾರಾ ಫ್ಲೋರೆಸ್. ತೀರ್ಪು ಬಂದ ತಿಂಗಳೇ ಹಳೆಯ ಗಡಿಗಳ ಮೇಲೆ ನಡೆದ ಮಂಡಳಿ ಚುನಾವಣೆಯ ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದವರು ಅವರು, ಅವರೂ ಲ್ಯಾಟಿನಾ. ಕ್ಷೇತ್ರ ಬಿಟ್ಟುಕೊಡುತ್ತಿದ್ದ ಮಂಡಳಿ ಸದಸ್ಯ ಪೀಟ್ ಶಾಬರಮ್ ಅವರ ಸಹಾಯಕಿಯಾಗಿದ್ದವರು. ನ್ಯಾಯಾಲಯ ಆ ಫಲಿತಾಂಶವನ್ನು ಬದಿಗಿಟ್ಟಿತು. ಹಳೆಯ ಗಡಿಗಳಲ್ಲೂ ಲ್ಯಾಟಿನಾ ಒಬ್ಬರು ಮುಂದಿದ್ದರು ಎಂಬ ಈ ಸಂಗತಿ ನಿಮ್ಮ ವಾದಕ್ಕೆ ತೊಡಕು ಎಂದು ಕೈಬಿಟ್ಟಿದ್ದರೆ ಅದು ತಪ್ಪು. ತೊಡಕನ್ನು ಓದುಗನ ಮುಂದಿಟ್ಟು ಬಿಡಿಸಿದರೇ ನಿಮ್ಮ ಮಾತಿಗೆ ತೂಕ ಬರುವುದು.

ಹಾಗೆಂದು ಛಲದ ಮಾತನ್ನು ತೆಗೆದುಹಾಕಿ ಎನ್ನುತ್ತಿಲ್ಲ. ಛಲ ಎಲ್ಲಿ ಕಾಣಿಸಿತೋ ಅಲ್ಲಿ ನಿಂತು ತೋರಿಸಿ. 1982ರಲ್ಲಿ ಆರ್ಟ್ ಟಾರೆಸ್ ಬಿಟ್ಟ ಶಾಸನಸಭೆಯ ಸ್ಥಾನಕ್ಕೆ ಸಮುದಾಯದ ಮುಖಂಡರು, ಎಲ್ಲರೂ ಗಂಡಸರು, ರಿಚರ್ಡ್ ಪೊಲಾಂಕೊ ಹೆಸರನ್ನು ಮೊದಲೇ ನಿರ್ಧರಿಸಿಯಾಗಿತ್ತು. ಟಾರೆಸ್ ಬಳಿಯೇ ಕೆಲಸ ಮಾಡಿದ್ದ ಮೊಲಿನಾ ಸರದಿಗಾಗಿ ಕಾಯಲು ಒಪ್ಪದೆ ಸ್ಪರ್ಧಿಸಿದರು, ಪಕ್ಷದೊಳಗಿನ ಚುನಾವಣೆಯಲ್ಲಿ ಪೊಲಾಂಕೊ ಅವರನ್ನು ಸೋಲಿಸಿದರು. ಒಂಬತ್ತು ವರ್ಷಗಳ ನಂತರ, 1991ರ ಫೆಬ್ರುವರಿಯಲ್ಲಿ, ಕೌಂಟಿ ಮಂಡಳಿಯ ಅಂತಿಮ ಸುತ್ತಿನಲ್ಲಿ ಅವರ ಎದುರಾಳಿ ಯಾರು? ಅದೇ ಟಾರೆಸ್. ಇಷ್ಟು ದೊಡ್ಡ ತಿರುವನ್ನು ನೀವು ‘ಪ್ರತಿಸ್ಪರ್ಧಿಯನ್ನು ಮಣಿಸಿದರು’ ಎಂದು ಹೆಸರನ್ನೂ ಹೇಳದೆ ಮುಗಿಸಿದ್ದೀರಿ! ಲೇಖನವನ್ನು ಇಲ್ಲಿಂದಲೇ ಆರಂಭಿಸಬಹುದು.

ಇನ್ನು ಆ ಹುದ್ದೆಯ ಮಾತು. ‘ಸ್ಥಳೀಯ ಸಂಸ್ಥೆಯ ಸದಸ್ಯೆ’ ಎಂದು ಬರೆದು ಬಿಟ್ಟರೆ ಓದುಗರು ಅದನ್ನು ತೀರಾ ಸಣ್ಣದೆಂದು ತಿಳಿಯುತ್ತಾರೆ. 1990ರಲ್ಲಿ ಆ ಕೌಂಟಿಯ ಜನಸಂಖ್ಯೆ 88 ಲಕ್ಷ ದಾಟಿತ್ತು. ಅಷ್ಟು ಜನರಿಗೆ ಐವರೇ ಸದಸ್ಯರು, ಅವರ ಮೇಲೆ ಮೇಯರ್‌ನಂಥ ಚುನಾಯಿತ ಮುಖ್ಯಸ್ಥರು ಯಾರೂ ಇಲ್ಲ. ಆಸ್ಪತ್ರೆ, ಜೈಲು, ಬಡವರ ಭತ್ಯೆಗಳ ಹಣ ಎಲ್ಲವೂ ಆ ಐವರ ಕೈಯಲ್ಲಿ. ಮೊಲಿನಾ ಬಂದ ದಿನದಿಂದ ಮಂಡಳಿಯ ಬಹುಮತವೇ ಬಲಪಂಥೀಯರಿಂದ ಉದಾರವಾದಿಗಳ ಕಡೆಗೆ ಹೊರಳಿತು. ಐವರ ಬದಲು ಒಂಬತ್ತು ಜನ ಇರಲಿ ಎಂದು ಮತದಾರರು ಒಪ್ಪಿದ್ದು 2024ರಲ್ಲಿ.

ಆಸ್ಪತ್ರೆ ಎಂದೆನಲ್ಲ, ಅದನ್ನು ನೀವು ಮರೆಯಬಾರದು. ಕೌಂಟಿ ನಡೆಸುತ್ತಿದ್ದ ದೊಡ್ಡ ಆಸ್ಪತ್ರೆಯಲ್ಲಿ ಮೆಕ್ಸಿಕನ್ ಮೂಲದ ತಾಯಂದಿರಿಗೆ, ಹೆರಿಗೆ ನೋವಿನಲ್ಲಿರುವಾಗ, ಅವರಿಗೆ ಬಾರದ ಇಂಗ್ಲಿಷ್‌ನ ಕಾಗದಗಳಿಗೆ ಸಹಿ ಹಾಕಿಸಿಕೊಂಡು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಗಿತ್ತು. ಹತ್ತು ಮಹಿಳೆಯರು 1975ರಲ್ಲಿ ನ್ಯಾಯಾಲಯಕ್ಕೆ ಹೋದಾಗ ಬೆಂಬಲಕ್ಕೆ ನಿಂತ ಮಹಿಳಾ ಸಂಘಟನೆಯಲ್ಲಿ ಯುವತಿ ಮೊಲಿನಾ ಮುಂಚೂಣಿಯಲ್ಲಿದ್ದರು. ತೀರ್ಪು ವೈದ್ಯರ ಪರವಾಗಿ ಬಂತು. ಮುಂದೆ ಆ ಆಸ್ಪತ್ರೆಯ ಹೊಣೆ ಹೊತ್ತ ಮಂಡಳಿಯಲ್ಲೇ ಅವರು ಕುಳಿತರು. ಹೊಸ ಕಟ್ಟಡಕ್ಕೆ 750 ಹಾಸಿಗೆ ಬೇಕೆಂದು ವಾದಿಸಿದರು. ಮಂಡಳಿ 600 ಸಾಕೆಂದಿತು. ಗೆದ್ದು ಬಂದವರು ಒಳಗೆ ಹೇಗೆ ಸೋಲುತ್ತಾರೆ ಎಂಬುದನ್ನು ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ನಿಮ್ಮ ‘ಉಕ್ಕಿನ ಮಹಿಳೆ’, ‘ಬಡವರ ಆಶಾಕಿರಣ’ ಇವೆಲ್ಲ ಹೋಗಲಿ, ಹಾಸಿಗೆಗಳ ಲೆಕ್ಕ ಬರಲಿ.

ಕೊನೆಯದು 2015. ಅವಧಿಯ ಮಿತಿಯಿಂದಾಗಿ 2014ರಲ್ಲಿ ಮಂಡಳಿ ಬಿಟ್ಟ ಅವರು ಮರುವರ್ಷ ನಗರಸಭೆಗೆ ಸ್ಪರ್ಧಿಸಿ, ಹಾಲಿ ಸದಸ್ಯ ಹೋಸೆ ವೀಸಾರ್ ಎದುರು ಭಾರಿ ಅಂತರದಿಂದ ಸೋತರು. ಅದನ್ನು ಅರ್ಧ ವಾಕ್ಯದಲ್ಲಿ ಅವಿತಿಟ್ಟಿದ್ದೀರಿ. ಗೌರವದಿಂದಲೇ ಹಾಗೆ ಮಾಡಿರಬಹುದು, ಆದರೆ ನಾಯಕಿಯನ್ನು ಮೆಚ್ಚಿದವರು ಆಕೆಯ ಸೋಲನ್ನು ಬರೆಯಲು ಹಿಂಜರಿಯಬಾರದು. ಮತದಾರರು ಆರಿಸಿದ ಆ ವೀಸಾರ್ ಮುಂದೆ ಭ್ರಷ್ಟಾಚಾರದಲ್ಲಿ ತಪ್ಪೊಪ್ಪಿಕೊಂಡರು, 2024ರಲ್ಲಿ ಅವರಿಗೆ 13 ವರ್ಷ ಜೈಲು ಶಿಕ್ಷೆಯಾಯಿತು. ಅದನ್ನೂ ಬರೆಯಿರಿ, ಆದರೆ ಮೊಲಿನಾ ಅವರ ಪರವಾದ ತೀರ್ಪಿನಂತೆ ಬಳಸಬೇಡಿ. ಮತ ಹಾಕಿದವರಿಗೆ ಆಗ ಅದು ಗೊತ್ತಿರಲಿಲ್ಲ.

ಬಾಲ್ಯದ ಎರಡು ಪುಟ ಬೇಡ. ಹತ್ತು ಮಕ್ಕಳಲ್ಲಿ ಹಿರಿಯಳು ಎಂಬ ಒಂದು ಸಾಲು ಉಳಿಯಲಿ. ಒಟ್ಟು 1,500 ಪದ ಮೀರದಿರಲಿ, ಅದರಲ್ಲಿ ಮೂರನೇ ಒಂದು ಭಾಗ 1990–91ರ ಆ ಕೆಲವು ತಿಂಗಳುಗಳಿಗೆ ಸಲ್ಲಲಿ. ತಿದ್ದಿದ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ