ಹಳೇ ಡಿಶ್‌ವಾಷರಿನ ಪರೀಕ್ಷೆ ತುಂಬಿದ ಮೇಲೇ ಆಗಬೇಕು

ನೀವು ಕೇಳಿದ್ದು ಎರಡು ಪ್ರಶ್ನೆ. ಕುಮಟಾದಿಂದ ಮ್ಯೂನಿಕ್‌ಗೆ ಹೋಗಿ ಇನ್ನೂ ಹೊಸತು, ಅಲ್ಲಿಯ ಬದುಕಿಗೆ ಹೊಂದಿಕೊಳ್ಳುವುದು ಹೇಗೆ ಅನ್ನುವುದು ಒಂದು. ಹಿಂದಿನ ಬಾಡಿಗೆದಾರರಿಂದ ಅಡುಗೆಮನೆ ಸಾಮಾನು ಸಮೇತ ಕೊಂಡಿದ್ದರಲ್ಲಿ 1980ರ ದಶಕದ ಡಿಶ್‌ವಾಷರ್ ಬಂದಿದೆ, ಬರುವ ಶನಿವಾರ ದೀಪಾವಳಿ ಊಟಕ್ಕೆ ಹನ್ನೆರಡು ಜನರನ್ನು ಕರೆದಾಗಿದೆ, ಅದನ್ನು ನಂಬಬಹುದೋ ಹೊಸದು ತರಬೇಕೋ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಹೇಳುತ್ತೇನೆ. ಮೊದಲನೆಯದರ ಬಹುಪಾಲು ಅದರಲ್ಲೇ ಬರುತ್ತದೆ.

ನಾನೀಗ ದೀಪಾವಳಿಯ ದೊಡ್ಡಹಬ್ಬಕ್ಕೆ ಶಿರಸಿ ಹತ್ತಿರದ ನಮ್ಮ ಮನೆಗೆ ಬಂದಿದ್ದೇನೆ. ಗೋಪೂಜೆಯ ದಿನ ಎರಡು ಪಂಕ್ತಿ ಊಟವಾಯಿತು. ಎಲೆಗಳೆಲ್ಲ ಗೊಬ್ಬರಗುಂಡಿಗೆ ಹೋದವು, ಉಳಿದದ್ದು ಅಡುಗೆ ಮಾಡಿದ ಪಾತ್ರೆ ಮಾತ್ರ. ಆದರೂ ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕಿಕೊಂಡು ಮಾತು ಶುರುವಾಗುವ ಹೊತ್ತಿಗೆ ಅತ್ತಿಗೆ ಹಿತ್ತಲಲ್ಲಿ ತೆಂಗಿನ ನಾರು, ಬೂದಿ ಹಿಡಿದು ಕುಳಿತಿದ್ದಳು. ವರ್ಷಕ್ಕೊಮ್ಮೆ ಸೇರುವ ನೆಂಟರ ಮಾತು ಅವಳ ಪಾಲಿಗೆ ಬರಲೇ ಇಲ್ಲ. ಮ್ಯೂನಿಕ್‌ನಲ್ಲಿ ಬಾಳೆಎಲೆಯೂ ಇಲ್ಲ, ಹಿತ್ತಲೂ ಇಲ್ಲ. ಹನ್ನೆರಡು ಜನ ಉಂಡೆದ್ದರೆ ತಟ್ಟೆ, ಬಟ್ಟಲು, ಲೋಟ, ಚಮಚ ಎಲ್ಲಾ ಸೇರಿ ಸಿಂಕ್ ಕಾಣದಷ್ಟು ರಾಶಿ ಬೀಳುತ್ತದೆ. ಅದನ್ನು ನೆನೆಸಿಕೊಂಡೇ ಎಷ್ಟೋ ಜನ ಯಾರನ್ನೂ ಕರೆಯುವುದಿಲ್ಲ, ಕರೆಯದಿದ್ದರೆ ಯಾರೂ ಕರೆಯುವುದಿಲ್ಲ. ಮೊದಲ ಚಳಿಗಾಲ ಹಾಗೆ ಒಂಟಿಯಾಗಿ ಕಳೆದವರನ್ನು ಬಹಳ ನೋಡಿದ್ದೇನೆ. ಹಾಗಾಗಿ ನೀವು ಹನ್ನೆರಡು ಜನರನ್ನು ಕರೆದದ್ದು ನನಗೆ ತುಂಬಾ ಸಂತೋಷ ಕೊಟ್ಟಿತು. ಆ ಯಂತ್ರ ನಡೆಯಲೇಬೇಕು.

ಅಂದಹಾಗೆ ಈ ಯಂತ್ರ ಹುಟ್ಟಿದ್ದೂ ಇಂಥ ಊಟಗಳಿಂದಲೇ. ಅಮೆರಿಕದ ಜೋಸೆಫೀನ್ ಕಾಕ್ರೇನ್ ಅವರ ಮನೆಯಲ್ಲಿ ಔತಣವಾದಾಗಲೆಲ್ಲ ಪಿಂಗಾಣಿ ತಟ್ಟೆಗಳು ತೊಳೆಯುವವರ ಕೈಯಲ್ಲಿ ಚೂರೇಳುತ್ತಿದ್ದವು. ಉಜ್ಜುವುದನ್ನೇ ಬಿಟ್ಟು ನೀರನ್ನು ರಭಸದಿಂದ ಚಿಮ್ಮಿಸಿ ತೊಳೆಯುವ ಯಂತ್ರಕ್ಕೆ ಅವರು 1886ರಲ್ಲಿ ಪೇಟೆಂಟ್ ಪಡೆದರು. ನಿಮ್ಮ ಯಂತ್ರವೂ ಅದೇ ಕೆಲಸ ಮಾಡುತ್ತದೆ: ಬಿಸಿನೀರು, ತಿರುಗುವ ತೋಳು, ಮಾರ್ಜಕ. ಎಲೆಕ್ಟ್ರಾನಿಕ್ ಚಿಪ್, ಸ್ಕ್ರೀನ್ ಇಲ್ಲದ ಹಳೆಯವುಗಳಲ್ಲಿ ಕೆಡುವುದಕ್ಕೆ ಇರುವುದೇ ಕಡಿಮೆ.

ಶನಿವಾರಕ್ಕೆ ಮೊದಲು ಉಪ್ಪಿನ ಕೆಲಸ ಮುಗಿಸಿ. ಮ್ಯೂನಿಕ್ ನೀರು ಗಡಸು. ನಮ್ಮ ಬಾವಿನೀರಿನ ಅಭ್ಯಾಸದವರಿಗೆ ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟಿದಾಗಲೇ ಇದು ಗೊತ್ತಾಗುವುದು. ಯಂತ್ರದ ಒಳಗೆ ಒಂದು ರಾಳದ ಡಬ್ಬಿ ಇರುತ್ತದೆ. ಅದು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಸ್ವಲ್ಪ ದಿನಕ್ಕೆ ರಾಳ ತುಂಬಿಹೋಗುತ್ತದೆ, ಉಪ್ಪುನೀರು ಹಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನಿಮ್ಮ ತಾಲೂಕಿನ ಸಾಣಿಕಟ್ಟಾ ಉಪ್ಪು ಉಪ್ಪಿನಕಾಯಿಗೆ ಎಷ್ಟು ಶ್ರೇಷ್ಠವೋ ಇದಕ್ಕೆ ಅಷ್ಟೇ ಕೆಟ್ಟದ್ದು. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ, ಮಣ್ಣಿನ ಅಂಶ ಎಲ್ಲ ಇರುತ್ತದೆ. ಡಿಶ್‌ವಾಷರ್ ಉಪ್ಪು ಅಂತಲೇ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಅದನ್ನೇ ತನ್ನಿ. ತುಂಬುವಾಗ ಚೆಲ್ಲಿದ ಉಪ್ಪು ಸ್ಟೀಲನ್ನು ತಿನ್ನುತ್ತದೆ, ಆದ್ದರಿಂದ ತುಂಬಿದ ತಕ್ಷಣ ಒಮ್ಮೆ ಖಾಲಿ ಓಡಿಸಬೇಕು. ಆ ಓಟದಲ್ಲಿ ಬಾಗಿಲ ಕೆಳಗೆ ಟಿಶ್ಯೂ ಕಾಗದ ಹಾಸಿ ಪಕ್ಕದಲ್ಲೇ ನಿಂತಿರಿ. ಹಳೇ ರಬ್ಬರು ಗಡುಸಾಗಿದ್ದರೆ ಕಾಗದ ಒದ್ದೆಯಾಗಿ ಹೇಳುತ್ತದೆ.

ಖಾಲಿ ಓಟದಿಂದ ತಿಳಿಯುವುದು ಅಷ್ಟೇ. ಅದು ನೋಡಿ ಯಂತ್ರ ಚೆನ್ನಾಗಿದೆ ಅಂದುಕೊಳ್ಳಬೇಡಿ. ತುಂಬಿದಾಗ ಅಷ್ಟು ಪಿಂಗಾಣಿ, ಸ್ಟೀಲು ಕಾಯಬೇಕು, ಹೀಟರಿಗೆ ಕೆಲಸ ಬೀಳುತ್ತದೆ. ಅನ್ನದ ಗಂಜಿ, ಬೇಳೆ ಸೇರಿ ನೊರೆ ಏಳುತ್ತದೆ. ತೋಳಿಗೆ ತಟ್ಟೆಯ ಅಂಚು ತಾಗಬಹುದು. ಪಂಪಿಗೆ ಕಸ ಬರುತ್ತದೆ. ನಮ್ಮ ಅಡುಗೆಯ ಕಸ ಬೇರೆಯದೇ ತರಹ: ಸಾಸಿವೆ, ಕರಿಬೇವು, ಕಾಯಿತುರಿ. ಫಿಲ್ಟರ್ ಸರಿಯಾಗಿ ಕೂತಿಲ್ಲದಿದ್ದರೆ ಸಾಸಿವೆ ಕಾಳು ನುಸುಳಿ ತೋಳಿನ ತೂತಿನಲ್ಲಿ ಕೂರುತ್ತದೆ, ಆಮೇಲೆ ಮೇಲಿನ ಬುಟ್ಟಿಯ ಒಂದೇ ಮೂಲೆಯ ಲೋಟಗಳು ದಿನಾ ಮಂಕಾಗಿರುತ್ತವೆ. ಟೂತ್‌ಪಿಕ್ಕಿನಿಂದ ಒಂದೊಂದೇ ತೂತು ಚುಚ್ಚಿ, ತೋಳನ್ನು ಅಲ್ಲಾಡಿಸಿ ನೋಡಿ. ಒಳಗೆ ಗಲಗಲ ಅಂದರೆ ಕಾಳಿದೆ.

ಕಾರವಾರದ ಸ್ನೇಹಿತರ ಮನೆಯಲ್ಲೂ ಇಂಥದ್ದೇ ಹಳೇ ಯಂತ್ರ. ಬಂಗಡೆ ಸಾರಿನ ಊಟ ಮುಗಿಸಿ ಪೂರ್ತಿ ತುಂಬಿಸಿ ಹಾಕಿದರು. ಅರ್ಧದಲ್ಲಿ ಪಂಪು ಗೊರಗೊರ ಅಂತು, ಬಾಗಿಲು ತೆಗೆದರೆ ತಳದಲ್ಲಿ ಹಳದಿ ನೀರು, ಮೇಲೆ ಎಣ್ಣೆಯ ಕಣ್ಣುಗಳು. ಯಂತ್ರ ಸತ್ತಿತು ಅಂತ ಮನೆಯವರು ಕೈಚೆಲ್ಲಿದರು. ಲೋಟದಿಂದ ನೀರು ಮೊಗೆದು ಫಿಲ್ಟರ್ ಎತ್ತಿದಾಗ ಮೀನುಸಾರಿಗೆ ಹಾಕುವ ಜುಮ್ಮನಕಾಯಿಯ ಕಪ್ಪು ಸಿಪ್ಪೆಗಳು ಒಂದರೊಳಗೊಂದು ಕೂತು ಮುಚ್ಚಳದ ಹಾಗೆ ಆಗಿದ್ದವು, ನಡುವೆ ಅಡ್ಡಲಾಗಿ ಒಂದು ಮುಳ್ಳು. ತೊಳೆದು ಮತ್ತೆ ಹಾಕಿದ ಮೇಲೆ ಲೋಟಗಳು ಫಳಫಳ ಹೊರಬಂದವು. ಆ ಯಂತ್ರ ಈಗಲೂ ನಡೆಯುತ್ತಿದೆ.

ಆದ್ದರಿಂದ ತಟ್ಟೆಯ ಎಂಜಲನ್ನು ಕಸದ ಬುಟ್ಟಿಗೆ ಚೆನ್ನಾಗಿ ಕೆರೆದು ಹಾಕಿ, ನೀರಲ್ಲಿ ತೊಳೆಯುವ ಅಗತ್ಯವಿಲ್ಲ. ಯಂತ್ರ ಎಷ್ಟು ಹಿಡಿಯುತ್ತದೆ ಅಂತ ಹೇಳುವ ‘ಹನ್ನೆರಡು ಜನರ ಪಾತ್ರೆ’ ಅನ್ನುವ ಲೆಕ್ಕ ಯೂರೋಪಿನವರ ಚಪ್ಪಟೆ ತಟ್ಟೆಗಳದ್ದು. ಅಂಚು ಎದ್ದ ನಮ್ಮ ಸ್ಟೀಲ್ ತಟ್ಟೆ ಅಷ್ಟು ಹಿಡಿಯುವುದಿಲ್ಲ, ಒಂದು ಸಾಲು ಬಿಟ್ಟು ನಿಲ್ಲಿಸಿ. ಬಟ್ಟಲುಗಳನ್ನು ಬೋರಲು ಓರೆಯಾಗಿಡಿ. ಬಾಗಿಲು ಮುಚ್ಚುವ ಮೊದಲು ಎರಡೂ ತೋಳನ್ನು ಕೈಯಿಂದ ಒಂದು ಸುತ್ತು ತಿರುಗಿಸಿ. ಹಿತ್ತಾಳೆ, ಕಂಚು, ಕಬ್ಬಿಣದ ಬಾಣಲೆ, ಮರದ ಸೌಟು ಒಳಗೆ ಬೇಡವೇ ಬೇಡ. ಅಲ್ಯೂಮಿನಿಯಂ ಕುಕ್ಕರ್ ಕಪ್ಪಾಗುತ್ತದೆ.

ಪ್ರೋಗ್ರಾಂ 65 ಡಿಗ್ರಿಗಿಂತ ಕಡಿಮೆ ಇಡಬೇಡಿ. ತೆಂಗಿನೆಣ್ಣೆ 24 ಡಿಗ್ರಿಗೇ ಗಟ್ಟಿಯಾಗುವ ವಸ್ತು, ಅರೆಬಿಸಿಯಲ್ಲಿ ತೊಳೆದರೆ ಪೈಪಿನಲ್ಲಿ ಹೆಪ್ಪುಗಟ್ಟುತ್ತದೆ. ಇನ್ನೊಂದು ಕಾರಣವೂ ಇದೆ. ಆ ಕಾಲದ ಯಂತ್ರಗಳನ್ನು ಫಾಸ್ಫೇಟ್ ಇದ್ದ ಪುಡಿಗೆ ತಕ್ಕಂತೆ ಮಾಡಿದ್ದರು. ಕೆರೆ, ನದಿಗಳಲ್ಲಿ ಪಾಚಿ ಬೆಳೆಯುತ್ತದೆ ಅಂತ ಯೂರೋಪಿನಲ್ಲಿ 2017ರಿಂದ ಮನೆಬಳಕೆಯ ಪುಡಿಯಲ್ಲಿ ಅದಕ್ಕೆ ಕಡಿವಾಣ ಬಿತ್ತು, ಸರಿಯಾದ ನಿರ್ಧಾರವೇ. ಅದರ ಕೊರತೆಯನ್ನು ಬಿಸಿ, ಉಪ್ಪು, ಕೊನೆಯ ನೀರಿಗೆ ಸೇರುವ ಪ್ರತ್ಯೇಕ ರಿನ್ಸ್ ದ್ರವ ತುಂಬಿಕೊಡುತ್ತವೆ. ಕೈಯಲ್ಲಿ ತೊಳೆಯುವ ಸೋಪನ್ನು ಒಂದು ಹನಿಯೂ ಹಾಕಬೇಡಿ, ನೊರೆ ನೆಲಕ್ಕೆ ಬರುತ್ತದೆ. ಪ್ಲಾಸ್ಟಿಕ್ ಡಬ್ಬಿಗೆ ಅಂಟಿದ ಅರಿಶಿನದ ಬಣ್ಣ ಯಾವ ಪ್ರೋಗ್ರಾಮಿಗೂ ಜಗ್ಗದು. ಕಿಟಕಿಯ ಬಿಸಿಲಿಗಿಟ್ಟರೆ ತಾನೇ ಮಾಸುತ್ತದೆ.

ಹೊತ್ತಿನ ವಿಷಯ. ಜರ್ಮನಿಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಜೋರಾಗಿ ಸದ್ದು ಮಾಡುವ ಹಾಗಿಲ್ಲ, ಭಾನುವಾರ ಇಡೀ ದಿನ ಹಾಗೇ. ಹಳೇ ಯಂತ್ರದ ದನಿ ಜೋರು. ಆದರೆ ಈಗಿನವುಗಳ ಇಕೋ ಪ್ರೋಗ್ರಾಂ ಮೂರು ತಾಸು ದಾಟಿದರೆ, ಇವು ಒಂದೂವರೆ ತಾಸಿನ ಒಳಹೊರಗೆ ಮುಗಿಸುತ್ತವೆ. ಊಟ ಆರು ಗಂಟೆಗೇ ಬಡಿಸಿ, ಎಂಟಕ್ಕೆ ಯಂತ್ರ ಹಾಕಿ, ನೀವೂ ಬಂದು ಎಲ್ಲರ ಜೊತೆ ಕುಳಿತುಕೊಳ್ಳಿ. ಅದಕ್ಕೇ ಅಲ್ಲವೇ ಇಷ್ಟೆಲ್ಲ. ಕೆಳಮನೆಯವರಿಗೆ ಮೊದಲೇ ಹೇಳಿಡಿ, ಇನ್ನೂ ಒಳ್ಳೆಯದು ಅವರನ್ನೂ ಊಟಕ್ಕೆ ಕರೆಯಿರಿ. ಯಂತ್ರ ನಡೆಯುವಾಗ ಮನೆ ಬಿಟ್ಟು ಹೋಗಬೇಡಿ. ನೀರು ಸೋರಿ ಕೆಳಮನೆಯವರ ಚಾವಣಿ ಹಾಳಾದರೆ ನೀವೇ ತೆರಬೇಕಾಗಿ ಬರಬಹುದು. ಅದಕ್ಕೆ ಹಾಫ್ಟ್‌ಪ್ಫ್ಲಿಖ್ಟ್ ಅನ್ನುವ ಹೊಣೆವಿಮೆ ಇದೆ. ಇನ್ನೂ ಮಾಡಿಸಿಲ್ಲದಿದ್ದರೆ ಶನಿವಾರದೊಳಗೆ ಮಾಡಿಸಿ.

ಹೊಸದು ಕೊಳ್ಳುವ ಮಾತಿಗೆ ಬಂದರೆ, ಈಗಿನ ಯಂತ್ರ 10 ಲೀಟರಿನ ಆಸುಪಾಸಿನಲ್ಲಿ ಮುಗಿಸುವುದಕ್ಕೆ ನಿಮ್ಮದು ಅದರ ಎರಡು ಪಟ್ಟಿಗೂ ಹೆಚ್ಚು ನೀರು ಕುಡಿಯುತ್ತದೆ, ಕರೆಂಟೂ ಹಾಗೇ. ದಿನಾ ಓಡಿಸುವ ಮನೆಯಾದರೆ ಬದಲಾಯಿಸಿ ಅನ್ನುತ್ತೇನೆ. ವಾರಕ್ಕೊಮ್ಮೆ, ನೆಂಟರು ಬಂದಾಗ ಅನ್ನುವ ಹಾಗಿದ್ದರೆ ಇರಲಿ, ಮೊದಲ ವರ್ಷ ದುಡ್ಡಿಗೆ ಬೇರೆ ದಾರಿಗಳು ಬೇಕಾದಷ್ಟಿವೆ. ಸೋರಿದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಹೊಸದನ್ನು ತಂದುಕೊಡುವ ದೊಡ್ಡ ಅಂಗಡಿಯವರು ಹಳೆಯದನ್ನು ಪುಕ್ಕಟೆ ಒಯ್ಯಬೇಕೆಂದು ಅಲ್ಲಿ ಕಾನೂನಿದೆ, ಕೊಳ್ಳುವಾಗಲೇ ಹೇಳಿ.

ಶನಿವಾರ ಏನಾಯಿತು ಅಂತ ಬರೆಯಿರಿ. ಫಿಲ್ಟರಿನ ಕೆಳಗೆ ಸ್ವಲ್ಪ ನೀರು ಉಳಿಯುವುದು ಸಹಜ, ರಬ್ಬರು ಒಣಗದಿರಲಿ ಅಂತ ಹಾಗೆ ಬಿಟ್ಟಿರುತ್ತಾರೆ. ಫಿಲ್ಟರಿನ ಮೇಲೆ ನಿಂತಿದ್ದರೆ ಎಷ್ಟು ಬೆರಳು ನಿಂತಿದೆ, ಪಂಪಿನ ಸದ್ದು ಬಂತೋ ಇಲ್ಲವೋ ತಿಳಿಸಿ. ಪಂಪು ಕೆಟ್ಟಿದೆಯೋ ಪೈಪು ಕಟ್ಟಿದೆಯೋ ಇಲ್ಲಿಂದಲೇ ಹೇಳಬಹುದು.