ಚಕ್ಕಡಿಯ ಹೇರು, ಫ್ರಿಜ್ಜಿನ ಹೇರು

ಬೀಳಗಿ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: "ನಮ್ಮ ಅಜ್ಜನ ಕಾಲದಾಗ ಇಡೀ ಮನಿ ಸಾಮಾನು ಎರಡು ಚಕ್ಕಡ್ಯಾಗ ಹೇರಿಕೊಂಡು ಬಂದಿದ್ರಂತ, ಒಂದು ಗಡಿಗಿ ಸುದ್ದಾ ಒಡೀಲಿಲ್ಲ. ಹೋದ ವರ್ಷ ನಮ್ಮ ತಮ್ಮನ ಫ್ರಿಜ್ ಟ್ರೇಲರಿನ್ಯಾಗ ಮಲಗಿಸಿ ತಂದ್ವಿ. ಮೈಮ್ಯಾಲೆ ಒಂದು ಗೀರಿಲ್ಲ, ವಾರದಾಗ ಕೆಟ್ಟಿತು. ಈಗಿನ ಸಾಮಾನೇ ಹಂಗೋ, ಹೇರೋದು ನಮಗ ಬರೂದಿಲ್ಲೋ? ಈಗ ನಾವೂ ಬಾಗಲಕೋಟಿ ನವನಗರಕ್ಕ ಹೊಂಟೀವಿ. ಫ್ರಿಜ್, ವಾಷಿಂಗ್ ಮಷಿನ್, ಟಿವಿ, ಇನ್ವರ್ಟರ್ ಬ್ಯಾಟರಿ ಅದಾವ. ಜೊತಿಗೆ ಬೀಸುಕಲ್ಲು, ಒಳ್ಳು, ಹತ್ತು ಚೀಲ ಜ್ವಾಳ. ಸಣ್ಣ ಟೆಂಪೋ ಸಾಕೋ, ಟ್ರ್ಯಾಕ್ಟರ್ ಬೇಕೋ? ತಳಕ್ಕ ಕಣಿಕಿ ಹಾಸಿದ್ರ ನಡೀತದೋ?"

ಸಂಪಾದಕರ ಉತ್ತರ:

ಮಾನ್ಯರೆ, ನಿಮ್ಮ ಪ್ರಶ್ನೆ ನಿಮ್ಮೊಬ್ಬರದಲ್ಲ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಯೋಜನೆ ಜಾರಿಯಾದರೆ ನಮ್ಮ ಭಾಗದ ಇನ್ನಷ್ಟು ನೆಲ ಮುಳುಗಿ ಇನ್ನೆಷ್ಟೋ ಮನೆಗಳು ಗಂಟುಮೂಟೆ ಕಟ್ಟಬೇಕು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇವೆ.

ಗಡಿಗೆ ಒಡೆದರೆ ಕಣ್ಣಿಗೆ ಕಾಣುತ್ತದೆ. ಫ್ರಿಜ್ ಒಳಗೊಳಗೇ ಕೆಡುತ್ತದೆ. ಅದರ ಹಿಂದೆ, ತಳದಲ್ಲಿರುವ ಕರಿ ಗುಂಡನೆಯ ಕಂಪ್ರೆಸರ್ ನೋಡಿ. ಆ ಡಬ್ಬಿಯೊಳಗೆ ಮೋಟರು ಸ್ಪ್ರಿಂಗುಗಳ ಮೇಲೆ ಕೂತಿರುತ್ತದೆ, ಕೆಳಗೆ ಎಣ್ಣೆ ನಿಂತಿರುತ್ತದೆ. ಫ್ರಿಜ್ ಮಲಗಿಸಿದಾಗ ಆ ಎಣ್ಣೆ ಕೊಳವೆಗಳಿಗೆ ಹರಿಯುತ್ತದೆ. ಮುಂದೆ ಒಂದು ಮಿಲಿಮೀಟರಿಗಿಂತ ಕಿರಿದಾದ ಕ್ಯಾಪಿಲರಿ ಕೊಳವೆ ಇದೆ. ಎಣ್ಣೆ ಅಲ್ಲಿ ಸಿಕ್ಕಿಕೊಂಡರೆ ಗ್ಯಾಸ್ ಓಡಾಡುವುದಿಲ್ಲ, ತಂಪಾಗುವುದಿಲ್ಲ. ಇತ್ತ ಎಣ್ಣೆ ಸಾಲದ ಮೋಟರು ಸವೆಯುತ್ತದೆ. ದಾರಿಯ ಕುಲುಕಿಗೆ ಮೋಟರು ಸ್ಪ್ರಿಂಗಿನಿಂದ ಜಾರಿದ್ದರೆ ಚಾಲೂ ಆಗುವಾಗ, ನಿಲ್ಲುವಾಗ ಡಬ್ಬಿಯೊಳಗೆ ಬಡಿದ ಸದ್ದು ಕೇಳುತ್ತದೆ. ನಿಮ್ಮ ತಮ್ಮನವರ ಫ್ರಿಜ್ಜಿಗೆ ಇವುಗಳಲ್ಲೊಂದು ಆಗಿರುವ ಸಾಧ್ಯತೆಯೇ ಹೆಚ್ಚು.

ಆದ್ದರಿಂದ ಫ್ರಿಜ್ ನಿಂತೇ ಪ್ರಯಾಣ ಮಾಡಬೇಕು. ಏರಿಸುವಾಗ ಇಳಿಸುವಾಗ ಓರೆ ಮಾಡಿದರೂ 45 ಡಿಗ್ರಿ ದಾಟಬಾರದು. ಹಿಂದಿನ ದಿನವೇ ಬಂದ್ ಮಾಡಿ, ಬರ್ಫ ಕರಗಿಸಿ, ಹಿಂದಿನ ತಟ್ಟೆಯ ನೀರು ಚೆಲ್ಲಿ. ಗಾಜಿನ ಹಲಗೆಗಳನ್ನು ಹೊರಗೆ ತೆಗೆದು, ಬಾಗಿಲಿಗೆ ಟೇಪ್ ಸುತ್ತಿ. ಹಿಂಬದಿಯಲ್ಲಿ ಕರಿ ಜಾಳಿಗೆ ಇದ್ದರೆ ಅದರ ಮೇಲೆ ಹಗ್ಗ ಬಿಗಿಯಬೇಡಿ, ಕೊಳವೆ ಬಿರಿದರೆ ಗ್ಯಾಸೆಲ್ಲ ಹೋಗುತ್ತದೆ. ಹೊಸ ಮನೆಯಲ್ಲಿ ನಿಲ್ಲಿಸಿ ಮೂರು-ನಾಲ್ಕು ತಾಸು ಬಿಟ್ಟು ಚಾಲೂ ಮಾಡಿ. ಮಲಗಿಸದೆ ಗತಿಯೇ ಇರಲಿಲ್ಲವೆಂದರೆ, ಒಂದು ಪೂರ್ತಿ ದಿನ ನಿಲ್ಲಿಸಿಡಿ. ಎಷ್ಟೋ ಫ್ರಿಜ್ಜುಗಳು ಅವಸರದ ಸ್ವಿಚ್ಚಿಗೇ ಬಲಿಯಾಗುತ್ತವೆ.

ಇನ್ನು ಗಾಡಿ. ಸಣ್ಣ ಟೆಂಪೋ ಎಂದರೆ ಟಾಟಾ ಏಸ್‌ನಂಥದ್ದು ಹೊರುವುದು ಸುಮಾರು 750 ಕಿಲೋ. ಚೀಲಕ್ಕೆ ಕ್ವಿಂಟಲ್ ಹಿಡಿದರೆ ನಿಮ್ಮ ಜೋಳವೇ ಒಂದು ಟನ್. ಟ್ರ್ಯಾಕ್ಟರ್ ಟ್ರೇಲರ್ ಮಾಡಿ. ಖಾಲಿ ಟ್ರೇಲರ್ ಪುಟಿಯುವಷ್ಟು ತುಂಬಿದ ಟ್ರೇಲರ್ ಪುಟಿಯುವುದಿಲ್ಲ, ಹೀಗಾಗಿ ಜೋಳ, ಬೀಸುಕಲ್ಲು, ಒಳ್ಳು ನಿಮಗೆ ಭಾರವಲ್ಲ, ಅನುಕೂಲ. ಅವುಗಳನ್ನೇ ಮೊದಲು ಹೇರಿ. ಕಲ್ಲುಗಳನ್ನು ತಳದಲ್ಲಿ, ಗಾಲಿಗಳ ಅಚ್ಚಿನ ನೇರಕ್ಕೆ ಇಟ್ಟು, ಉರುಳದಂತೆ ಚೀಲಗಳನ್ನು ಒತ್ತಿಡಿ. ಕಲ್ಲಿಗೂ ಫ್ರಿಜ್ಜಿಗೂ ನಡುವೆ ಒಂದು ಸಾಲು ಚೀಲ ಇರಲೇಬೇಕು.

ಎರಡು ಗಾಲಿಯ ಟ್ರೇಲರಾದರೆ ಒಟ್ಟು ಭಾರ ಅಚ್ಚಿನಿಂದ ತುಸು ಮುಂದಕ್ಕಿರಲಿ. ಇದು ನಿಮ್ಮ ಅಜ್ಜನವರಿಗೆ ಗೊತ್ತಿದ್ದ ವಿದ್ಯೆ: ಹೇರು ಹಿಂದಾದರೆ ಚಕ್ಕಡಿಯ ಮೂಕಿ (ನೊಗ ಕಟ್ಟುವ ಉದ್ದನೆಯ ಮರ) ಮೇಲೇಳುತ್ತದೆ, ಮುಂದಾದರೆ ನೊಗ ಎತ್ತಿನ ಹೆಗಲಿಗೆ ಒತ್ತುತ್ತದೆ. ಟ್ರ್ಯಾಕ್ಟರಿನಲ್ಲೂ ಹಾಗೆಯೇ. ಹಿಂಭಾರವಾದರೆ ಅದರ ದೊಡ್ಡ ಗಾಲಿಗಳ ಹಿಡಿತ ಕಡಿಮೆಯಾಗಿ ಟ್ರೇಲರ್ ಓಲಾಡುತ್ತದೆ, ಅತಿಯಾಗಿ ಮುಂಭಾರವಾದರೆ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ.

ಕಣಿಕೆ, ಅಂದರೆ ಜೋಳದ ಒಣ ದಂಟು, ಹಾಸುವುದು ಪಾತ್ರೆಪಗಡೆಗೆ ಸರಿ, ಫ್ರಿಜ್ಜಿಗೆ ಬೇಡ. ಮೆತ್ತನೆಯ ಹಾಸಿನ ಮೇಲೆ ಎತ್ತರದ ವಸ್ತು ವಾಲಾಡುತ್ತದೆ. ಅದರ ತಳಕ್ಕೆ ಗಟ್ಟಿ ಹಲಗೆ ಇಟ್ಟು, ಮೂರು ಮಗ್ಗಲಿಗೆ ಗಾದಿ ಒತ್ತಿ, ಟ್ರೇಲರಿನ ಮುಂದಿನ ಗೋಡೆಗೆ ಆನಿಸಿ ಕಟ್ಟಿ. ಹಗ್ಗ ಮೂಲೆಗೆ ತಾಗುವಲ್ಲಿ ಮಡಿಸಿದ ಗೋಣಿಚೀಲ ಕೊಡಿ. ಟಿವಿಯನ್ನೂ ನಿಲ್ಲಿಸಿಯೇ, ಪರದೆ ಗಾದಿಯ ಕಡೆ ಮಾಡಿ ಇಡಿ. ಮನೆಮಂದಿಯನ್ನು ಹೇರಿನ ಮೇಲೆ ಕೂಡಿಸಬೇಡಿ, ಮಕ್ಕಳನ್ನಂತೂ ಬೇಡವೇ ಬೇಡ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಬ್ಯಾಟರಿಗೆ. 150 ಆಂಪಿಯರ್-ಅವರ್‌ನ ಟ್ಯೂಬ್ಯುಲರ್ ಬ್ಯಾಟರಿ 50 ಕಿಲೋಗಿಂತ ಹೆಚ್ಚೇ ತೂಗುತ್ತದೆ, ಒಳಗಿರುವುದು ಗಂಧಕಾಮ್ಲ. ಇನ್ವರ್ಟರ್ ಬಂದ್ ಮಾಡಿ, ಪ್ಲಗ್ ಕಿತ್ತು, ಮೊದಲು ಮೈನಸ್ ವೈರು ಬಿಚ್ಚಿ, ಆಮೇಲೆ ಪ್ಲಸ್. ಕೂಡಿಸುವಾಗ ಪ್ಲಸ್ ಮೊದಲು. ಬಿಚ್ಚಿದ ಟರ್ಮಿನಲ್‌ಗಳಿಗೆ ಟೇಪ್ ಸುತ್ತಿ, ಪಾನಾ (ಸ್ಪ್ಯಾನರ್) ಎರಡಕ್ಕೂ ತಾಗಿದರೆ ಕಿಡಿ ಹಾರುತ್ತದೆ. ಹೊರಡುವ ಮುಂಚೆ ಡಿಸ್ಟಿಲ್ಡ್ ವಾಟರ್ ತುಂಬಿಸಬೇಡಿ. ತುಂಬಿದ್ದು ಕುಲುಕಾಟಕ್ಕೆ ಮುಚ್ಚಳದ ಸಂದಿನಿಂದ ಚೆಲ್ಲುತ್ತದೆ. ಹೊಸ ಮನೆಯಲ್ಲಿಟ್ಟ ಮೇಲೆ ಗುರುತಿನ ಮಟ್ಟಕ್ಕೆ ಹಾಕಿದರಾಯಿತು. ಪ್ಲಾಸ್ಟಿಕ್ ಬುಟ್ಟಿಯಲ್ಲಿ ನೆಟ್ಟಗೆ ಇಡಿ. ಸುತ್ತ ಕೌದಿ ತುರುಕಬೇಡಿ, ಆಮ್ಲ ತಾಗಿದ ಅರಿವೆ ತೂತು ಬೀಳುತ್ತದೆ. ಕಾಳಿನ ಚೀಲದ ಹತ್ತಿರವೂ ಬೇಡ. ಮೈಗೆ ಸಿಡಿದರೆ ತಕ್ಷಣ ಧಾರಾಳ ನೀರು ಸುರಿಯಿರಿ. ನೆಲಕ್ಕೆ ಚೆಲ್ಲಿದರೆ ಅಡುಗೆ ಸೋಡಾ ಉದುರಿಸಿ ತೊಳೆಯಿರಿ.

ವಾಷಿಂಗ್ ಮಷಿನ್ ಯಾವ ಬಗೆಯದೆಂದು ನೀವು ಬರೆದಿಲ್ಲ. ಮೇಲಿಂದ ಬಟ್ಟೆ ಹಾಕುವ, ಒಂದೇ ತೊಟ್ಟಿಯ ಫುಲ್ ಆಟೊಮ್ಯಾಟಿಕ್ ಆದರೆ ಅದರ ತೊಟ್ಟಿ ನಾಲ್ಕು ಸರಳುಗಳಿಗೆ ಜೋತುಬಿದ್ದಿರುತ್ತದೆ. ತೊಟ್ಟಿಗೂ ಹೊರಕವಚಕ್ಕೂ ನಡುವಿನ ಸಂದಿಗೆ ಹಳೆ ಕೌದಿ ತುರುಕಿ ಅಲುಗದಂತೆ ಮಾಡಿ, ನೀರಿನ ಕೊಳವೆ ನೆಲಕ್ಕಿಳಿಸಿ ಉಳಿದ ನೀರು ಬಸಿಯಿರಿ. ಮುಂದಿನಿಂದ ಹಾಕುವಂಥದ್ದಾದರೆ ಕೌದಿಯಿಂದ ಆಗುವುದಿಲ್ಲ. ತೂಕಕ್ಕೆಂದು ಕಾಂಕ್ರೀಟ್ ದಿಮ್ಮಿ ಕಟ್ಟಿದ ಭಾರದ ತೊಟ್ಟಿ ಅದರಲ್ಲಿ ಸ್ಪ್ರಿಂಗುಗಳಿಗೆ ತೂಗುತ್ತಿರುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಹೊಸದಾಗಿ ತಂದಾಗ ಬೆನ್ನಿಗೆ ಮೂರೋ ನಾಲ್ಕೋ ಉದ್ದನೆಯ ಬೋಲ್ಟ್ ಇದ್ದವು, ಅವನ್ನು ಹುಡುಕಿ ಮತ್ತೆ ಹಾಕಿ. ಸಿಗದಿದ್ದರೆ ಮಾಡೆಲ್ ನಂಬರ್ ಹೇಳಿ ಸರ್ವಿಸ್ ಸೆಂಟರಿನಿಂದ ತರಿಸಿಕೊಳ್ಳಿ. ನವನಗರದಲ್ಲಿ ಮೊದಲ ಸಲ ಚಾಲೂ ಮಾಡುವ ಮುನ್ನ ಅವೇ ಬೋಲ್ಟುಗಳನ್ನು ಬಿಚ್ಚಲೇಬೇಕು. ಮರೆತರೆ ಬಟ್ಟೆ ಹಿಂಡುವಾಗ ಮಷಿನ್ ನಡುಗಿ ಜಾಗ ಬಿಟ್ಟು ಸರಿಯುತ್ತದೆ. ಬಿಚ್ಚಿದವನ್ನು ಚೀಲದಲ್ಲಿ ಹಾಕಿ ಮಷಿನ್ನಿನ ಹಿಂದೆಯೇ ಕಟ್ಟಿಡಿ.